ಬೇರೆ ಇಟ್ಟ ಬೋಗುಣಿ

ಹೋದ ಚಳಿಗಾಲದ ಒಂದು ಭಾನುವಾರ, ಹೈದರಾಬಾದಿನಲ್ಲಿ ನೌಕರಿ ಮಾಡುವ ಮಗಳು ಫೋನು ಮಾಡಿದಳು. "ಅವ್ವಾ, ನೀ ನೀರು ಹಾಕಲಾರದ ಪತ್ತಾಗೋಬಿ ಮಾಡ್ತಿಯಲ್ಲ, ಅದು ಹೆಂಗ? ನಾ ಮಾಡಿದ್ರ ಬರೇ ಸಪ್ಪಗ ಆಗ್ಲಕತ್ತದ" ಎಂದಳು. ನಾನು ಹೇಳಿಕೊಟ್ಟೆ. ಉಳ್ಳಾಗಡ್ಡಿ ಕೆಂಪಗೆ ಹುರಿಯಬೇಕು, ಗೋಬಿಯನ್ನು ಸಣ್ಣಗೆ ಹೆಚ್ಚಬೇಕು, ಉಪ್ಪು ಹಾಕಿ ಮುಚ್ಚಿಬಿಡಬೇಕು, ನಡುನಡುವೆ ತೆರೆದು ನೋಡಬಾರದು. ಎಲ್ಲ ಬರೆದುಕೊಂಡ ಮೇಲೆ ಆಕೆ ಕೇಳಿದಳು, "ಇದು ಯಾರ ಕೈಯಾಗ ಕಲ್ತಿ? ಆಯಿ ಕಲಿಸಿದ್ಲೇನು?"

"ಹೂಂ, ನಿಮ್ಮ ಆಯಿನೇ" ಎಂದುಬಿಟ್ಟೆ.

ಅದು ಸುಳ್ಳು. ನಮ್ಮವ್ವ ಪತ್ತಾಗೋಬಿಯನ್ನು ಹಾಗೆ ಮಾಡಿದವಳಲ್ಲ. ಫೋನು ಇಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯಲ್ಲೇ ಕುಳಿತೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳಿದವಳು, ಒಂದು ಪಲ್ಯದ ವಿಷಯದಲ್ಲಿ ಸ್ವಂತ ಮಗಳಿಗೆ ಯಾಕೆ ಸುಳ್ಳು ಹೇಳಿದೆ? ಆ ಪಲ್ಯದ ಹಿಂದೆ ಒಬ್ಬ ಹೆಂಗಸಿದ್ದಾಳೆ, ಆಕೆಯ ಮುಂದೆ ನಾನು ಮಾಡಿದ ಒಂದು ತಪ್ಪಿದೆ. ಆ ತಪ್ಪು ಎಂಥದೆಂದು ನನಗೆ ನಾನೇ ಸರಿಯಾಗಿ ಹೇಳಿಕೊಂಡಿರಲಿಲ್ಲ. ಅದಕ್ಕೇ ಈ ಬರಹ.

1994ರಲ್ಲಿ ನನಗೆ ಮೊದಲ ನೌಕರಿ ಆಳಂದದಲ್ಲಿ ಸಿಕ್ಕಿತು. ಬಿ.ಎ., ಬಿ.ಇಡಿ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ದಿನಾ ಹೋಗಿಬರುವಷ್ಟು ಹತ್ತಿರವಲ್ಲ. ಒಂಟಿ ಹೆಣ್ಣುಮಗಳಿಗೆ ಬಾಡಿಗೆಗೆ ಕೋಣೆ ಕೊಡುವವರು ಆಗ ಕಡಿಮೆ. ಕೊನೆಗೆ ಕೊಟ್ಟವರು ಒಬ್ಬ ಮುಸಲ್ಮಾನ ವಿಧವೆ. ಹೊಲಿಗೆ ಮೆಷಿನ್ನಿನ ಮೇಲೆ ಸಂಸಾರ ನಡೆಸುತ್ತಿದ್ದರು. ಓಣಿಯವರೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದರು, ನಾನೂ ಖಾಲಾ ಎಂದೇ ಕರೆದೆ. ಅವರು ನನ್ನನ್ನು ಕರೆದದ್ದು ಟೀಚರ್ ಬೇಟಿ ಎಂದು. ಲಾಡ್ಲೆ ಮಶಾಯಕರ ದರ್ಗಾ ಇರುವ ಊರು ಅದು. ದರ್ಗಾಕ್ಕೆ ನಮ್ಮವರೂ ಸಕ್ಕರೆ ಓದಿಸಲು ಹೋಗುತ್ತಾರೆ. ಆದರೆ ದರ್ಗಾದ ಸಕ್ಕರೆ ಬೇರೆ, ಪಕ್ಕದ ಮನೆಯ ಒಲೆ ಬೇರೆ ಎಂಬುದು ನಮ್ಮ ಲೆಕ್ಕ.

ಅವರ ಮನೆಗೂ ನನ್ನ ಕೋಣೆಗೂ ಒಂದೇ ಅಂಗಳ. ಸಂಜೆ ನಾನು ಕಟ್ಟೆಯ ಮೇಲೆ ಕುಳಿತು ಹುಡುಗರ ಪೇಪರು ತಿದ್ದುತ್ತಿದ್ದರೆ, ಎದುರಿಗೆ ಅವರ ಅಡುಗೆ ಕಾಣುತ್ತಿತ್ತು. ಇದ್ದದ್ದು ಒಂದು ಚಿಮಣಿ ಎಣ್ಣೆಯ ಸ್ಟೋ, ಒಂದು ದೊಡ್ಡ ದೇಗ್ಚಿ. ತಿನ್ನುವ ಬಾಯಿ ಏಳು: ಖಾಲಾ, ಅವರ ಅತ್ತೆ, ಮೈದುನ, ನಾಲ್ಕು ಮಕ್ಕಳು. ವಾರಕ್ಕೊಮ್ಮೆ ಪಾವು ಕಿಲೋ ಖೀಮಾ ಬರುತ್ತಿತ್ತು. ಅದು ಛೋಟೇ ಕಾ ಅಲ್ಲ. ಛೋಟೇ ಕಾ ಎಂದರೆ ಆಡು, ಕುರಿಯದು. ಅದು ಈದಿಗೆ, ಬೀಗರು ಬಂದಾಗ. ಇದು ಬಡೇ ಕಾ, ಅಂದರೆ ದನದ್ದು ಅಥವಾ ಎಮ್ಮೆಯದು. ಅಗ್ಗದ್ದು, ಬಡವರದು.

ಮೊದಮೊದಲು ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ದಿನ ಕಳೆದಂತೆ ಕುಳಿತೇ ಇರತೊಡಗಿದೆ. ಅವರ ಕೈಯ ಅಚ್ಚುಕಟ್ಟು ನೋಡಿದರೆ ಏಳಲು ಮನಸ್ಸಾಗುತ್ತಿರಲಿಲ್ಲ. ದೇಗ್ಚಿಗೆ ಎರಡು ಚಮಚ ಎಣ್ಣೆ, ಅದರಲ್ಲಿ ಉಳ್ಳಾಗಡ್ಡಿ ಕೆಂಪಗಾಗುವವರೆಗೆ. ಆಮೇಲೆ ಜಜ್ಜಿದ ಹಸಿಶುಂಠಿ, ಬಳ್ಳೊಳ್ಳಿ, ಅರಿಶಿನ, ಖಾರದಪುಡಿ. ಅದರ ಮೇಲೆ ಖೀಮಾ. ಖೀಮಾ ಮೊದಲು ತನ್ನ ನೀರು ಬಿಡುತ್ತದೆ, ಆ ನೀರು ಇಂಗಿ ಎಣ್ಣೆ ಬಿಟ್ಟುಕೊಳ್ಳುವ ತನಕ ಕೈಯಾಡಿಸಬೇಕು. ಅಷ್ಟರಲ್ಲಿ ಒಂದು ಇಡೀ ಪತ್ತಾಗೋಬಿ ನೂಲಿನಂತೆ ಹೆಚ್ಚಿ ಸಿದ್ಧವಾಗಿರುತ್ತಿತ್ತು. ಅದನ್ನು ಸುರಿದರೆ ದೇಗ್ಚಿ ತುಂಬಿ ತುಳುಕುತ್ತಿತ್ತು. ಉಪ್ಪು ಹಾಕಿ, ಮೇಲೆ ತಾಟು ಮುಚ್ಚಿ, ತಾಟಿನಲ್ಲಿ ಒಂದಿಷ್ಟು ನೀರು ನಿಲ್ಲಿಸಿ, ಸ್ಟೋ ಸಣ್ಣಗೆ ಮಾಡುತ್ತಿದ್ದರು. ಒಳಗೆ ಒಂದು ಹನಿ ನೀರಿಲ್ಲ. ಗೋಬಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಅಲ್ಲವೇ? ಉಪ್ಪು ಅದನ್ನು ಹೊರಗೆಳೆಯುತ್ತದೆ, ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಇಪ್ಪತ್ತು ನಿಮಿಷಕ್ಕೆ ತುಳುಕುತ್ತಿದ್ದುದು ಅರ್ಧಕ್ಕೆ ಇಳಿದಿರುತ್ತಿತ್ತು. ಮೇಲೆ ಕೊತಂಬರಿ, ಅರ್ಧ ಲಿಂಬೆ. ಬಿಸಿ ಜೋಳದ ರೊಟ್ಟಿ ಮುರಿದು ಏಳು ಜನರೂ ಸುತ್ತ ಕೂಡುತ್ತಿದ್ದರು.

"ಇಷ್ಟೇ ಖೀಮಾ ಎಲ್ಲಾರಿಗೂ ಸಾಲ್ತದೇನ್ರಿ ಖಾಲಾ?" ಎಂದು ಒಮ್ಮೆ ಕೇಳಿದೆ.

"ಖೀಮಾ ನಾಲಿಗೀಗಿ, ಗೋಬಿ ಹೊಟ್ಟೀಗಿ, ಬೇಟಿ" ಎಂದರು.

ನಾನು ಅದನ್ನೇ ನನ್ನ ಕೋಣೆಯಲ್ಲಿ ಮಾಡಿ ನೋಡಿದೆ, ಖೀಮಾದ ಬದಲು ನೆನೆಸಿದ ಕಡ್ಲಿಬ್ಯಾಳಿ ಹಾಕಿ. ಕೊನೆಗೆ ಒಂದು ಮುಷ್ಟಿ ಶೇಂಗಾ ಹಿಂಡಿ ಉದುರಿಸಿದೆ. ಬಹಳ ಚೆನ್ನಾಗಿ ಬಂತು. ಮಗಳು ಹೈದರಾಬಾದಿನಿಂದ ಕೇಳಿದ್ದು ಆ ಪಲ್ಯವನ್ನೇ.

ಮರುವರ್ಷ ಮಳೆಗಾಲದಲ್ಲಿ ನನಗೆ ಟೈಫಾಯಿಡ್ ಆಯಿತು. ಊರಿಗೆ ಸುದ್ದಿ ಮುಟ್ಟಿ ಅಣ್ಣ ಬರುವುದಕ್ಕೆ ನಾಲ್ಕು ದಿನ ಹಿಡಿಯಿತು. ಎರಡನೆಯ ದಿನ ಖಾಲಾ ಒಂದು ಜರ್ಮನ್ ಬೋಗುಣಿಯಲ್ಲಿ ಅಕ್ಕಿಯ ಗಂಜಿ ತಂದರು. ಬೋಗುಣಿ ಫಳಫಳ ಹೊಳೆಯುತ್ತಿತ್ತು. "ಹೊಸಾದು ಅದ ಬೇಟಿ, ಇವತ್ತೇ ತಂದೀನಿ. ಇದ್ರಾಗ ನಮ್ದು ಏನೂ ಮಾಡಿಲ್ಲ, ಮಾಡಂಗೂ ಇಲ್ಲ. ಸ್ಟೋ ಸುದ್ದಾ ತೊಳ್ದು ಹಚ್ಚೀನಿ. ಮನಸಿನ್ಯಾಗ ಏನೂ ಇಟ್ಕೋಬ್ಯಾಡ, ಕುಡಿ" ಎಂದರು. "ಇಡ್ರಿ ಖಾಲಾ, ಆಮ್ಯಾಗ ಕುಡೀತೀನಿ" ಎಂದೆ.

ಅವರು ಹೋದ ಮೇಲೆ ಗೋಡೆ ಹಿಡಿದುಕೊಂಡು ಎದ್ದೆ. ನಿಲ್ಲಲು ತ್ರಾಣವಿರಲಿಲ್ಲ. ಆದರೂ ಬಚ್ಚಲಿಗೆ ಹೋಗಿ ಆ ಗಂಜಿಯನ್ನು ಚೆಲ್ಲಿ, ನೀರು ಸುರಿದು ಬಂದು ಮಲಗಿದೆ. ಬಚ್ಚಲ ನೀರು ಅಂಗಳದ ಮೋರಿಗೇ ಹೋಗುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ. ಖಾಲಾ ಆಗ ಮೋರಿಯ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ತೆರೆದ ಬಾಗಿಲಿನಿಂದ ನನಗೆ ಕಂಡಿತು. ಒಗೆಯುವ ಕೈ ನಿಂತಿತು. ಬೆಂದ ಅಕ್ಕಿಯ ಅಗುಳು ಅವರ ಕಾಲ ಬಳಿಯೇ ಹರಿದು ಹೋಗುತ್ತಿದ್ದವು. ಅವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನ ಬಾಗಿಲ ಕಡೆ ನೋಡಿದರು. ಮತ್ತೆ ಒಗೆಯತೊಡಗಿದರು.

ಮರುದಿನ ಬೆಳಗ್ಗೆ ಬಾಗಿಲಲ್ಲಿ ಬಂದು ನಿಂತರು. ಕೈ ಬರಿದಾಗಿತ್ತು. "ನಿಮ್ಮ ಸ್ಟೋ ಮ್ಯಾಗ, ನಿಮ್ಮ ಬೋಗುಣ್ಯಾಗ ನಾನು ಕುದಿಸಿ ಕೊಡ್ಲೇನು?" ಎಂದರು. ದಿನಾ ಬೇಟಿ ಎನ್ನುವವರು ಅಂದು 'ನೀವು' ಎಂದರು. ನಾನು ತಲೆಯಾಡಿಸಿದೆ. ನನ್ನ ಅಕ್ಕಿ, ನನ್ನ ಪಾತ್ರೆ, ನನ್ನ ನೀರು, ಅವರ ಕೈ. ಅಂದು ಕುಡಿದೆ. ಅಣ್ಣ ಬರುವವರೆಗೂ ಅವರೇ ಮಾಡಿ ಹಾಕಿದರು. ಹಿಂದಿನ ದಿನದ ಮಾತನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆ ವರ್ಷವೇ ನನಗೆ ವರ್ಗವಾಯಿತು. ಹೊರಡುವಾಗ ಅವರ ಕಾಲಿಗೆ ನಮಸ್ಕರಿಸಿದೆ, ಕ್ಷಮೆ ಕೇಳಲಿಲ್ಲ.

ಬಹಳ ವರ್ಷ ನನ್ನನ್ನು ನಾನು ಸಮರ್ಥಿಸಿಕೊಂಡೆ. ನಾವು ಲಿಂಗ ಕಟ್ಟಿದವರು, ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವರಲ್ಲ, ನಮ್ಮ ನಿಯಮ ನಮಗೆ, ಅದರಲ್ಲಿ ತಪ್ಪೇನು ಎಂದುಕೊಂಡೆ. ಮಾಂಸ ತಿನ್ನದಿರುವುದರಲ್ಲಿ ತಪ್ಪೇನೂ ಇಲ್ಲ ಎಂದು ಈಗಲೂ ನಂಬಿದ್ದೇನೆ. ಒಂದು ಜೀವದ ನೋವನ್ನು ನೆನೆದು ಕೈ ಹಿಂದೆಗೆಯುವುದು ದೊಡ್ಡ ಮಾತೇ ಸರಿ. ಆದರೆ ಆ ಗಂಜಿಯಲ್ಲಿ ಮಾಂಸವಿತ್ತೇ? ಇರಲಿಲ್ಲ. ಪಾತ್ರೆಗೆ ಮಾಂಸ ತಾಕಿತ್ತೇ? ತಾಕಿರಲಿಲ್ಲ. ಅವರ ಕೈಯೇ ಆಗದು ಎನ್ನೋಣವೆಂದರೆ ಮರುದಿನ ಅದೇ ಕೈಯಿಂದ ಕುಡಿದೆನಲ್ಲ! ಹಾಗಾದರೆ ನಾನು ಯಾವ ನಿಯಮವನ್ನು ಕಾಪಾಡಿದೆ? ನನ್ನ ನಿಯಮವನ್ನು ನನಗಿಂತ ಚೆನ್ನಾಗಿ ಕಾಪಾಡಿದವರು ಅವರು. ರೊಕ್ಕ ಕೊಟ್ಟು ಹೊಸ ಪಾತ್ರೆ ತಂದರು, ಸ್ಟೋ ತೊಳೆದರು. ನಾನು ಕಾಪಾಡಿದ್ದು ನನ್ನ ಹೇಸಿಗೆಯನ್ನು ಮಾತ್ರ. ನಾವು ಹೆಂಗಸರು ಅಡುಗೆಮನೆಯಲ್ಲಿ ಈ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿರುತ್ತೇವೆ. ವ್ರತ ಯಾವುದು, ಹೇಸಿಗೆ ಯಾವುದು ಎಂದು ಮುಚ್ಚಳ ತೆಗೆದು ನೋಡುವುದೇ ಇಲ್ಲ.

ಹೇಸಿಗೆಗೆ ಬುಡವೂ ಗಟ್ಟಿಯಿಲ್ಲ. ನಮ್ಮೂರಿನಲ್ಲಿ ಮಡಿಯ ಅಜ್ಜಿಯೊಬ್ಬರಿದ್ದರು. ಪತ್ತಾಗೋಬಿ ಪರದೇಶದ್ದು, ಹೊಲಸು ನಾರುತ್ತದೆ ಎಂದು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿತ್ತು, ಗೋಬಿ ಯುರೋಪಿನಿಂದ ಬಂದದ್ದೇ. ಅವರು ದಿನಾ ಒಗ್ಗರಣೆಗೆ ಹಾಕುತ್ತಿದ್ದ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದದ್ದು. ಇಂದು ಅದೇ ಮನೆಯ ಮೊಮ್ಮಕ್ಕಳು ಬಂಡಿಯ ಮುಂದೆ ನಿಂತು ಗೋಬಿ ಮಂಚೂರಿ ತಿನ್ನುತ್ತಾರೆ. ಎರಡು ತಲೆಮಾರಿನಲ್ಲಿ ಅಳಿಸಿಹೋಗುವ ಹೇಸಿಗೆಯನ್ನು ಧರ್ಮವೆಂದು ಹೇಗೆ ಕರೆಯುವುದು?

ಇನ್ನೊಂದು ಮಾತು ನನ್ನನ್ನು ಬಹಳ ಕಾಡಿದೆ. ನಮ್ಮ ತಾಲ್ಲೂಕಿನ ಗಾಣಗಾಪುರ ದತ್ತನ ಕ್ಷೇತ್ರ. ಅಲ್ಲಿ ಮಧುಕರಿ ಬೇಡುವ ಪದ್ಧತಿ ಇದೆ. ದತ್ತನು ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಎಂಥ ಸಿರಿವಂತನೂ ಅಲ್ಲಿ ಜೋಳಿಗೆ ಹಿಡಿಯುತ್ತಾನೆ, ಐದು ಮನೆಯ ಅನ್ನ ಒಂದೇ ಜೋಳಿಗೆಯಲ್ಲಿ ಕಲೆಯುತ್ತದೆ. ಚಿಕ್ಕವಳಿದ್ದಾಗ ಅವ್ವ ನನ್ನಿಂದಲೂ ಬೇಡಿಸಿದ್ದಳು, ಸೊಕ್ಕು ಇಳಿಯಲಿ ಎಂದು. ಬೇಡಿ ತಂದ ಆ ಅನ್ನವನ್ನು ಕಣ್ಣಿಗೊತ್ತಿಕೊಂಡು ಉಂಡಿದ್ದೆ. ಅದೇ ಹುಡುಗಿ ದೊಡ್ಡವಳಾಗಿ, ಓದಿ, ಬೇಡದೆ ಬಾಗಿಲಿಗೆ ಬಂದ ಅನ್ನವನ್ನು ಮೋರಿಗೆ ಚೆಲ್ಲಿದಳು.

ಖಾಲಾನ ದೇಗ್ಚಿಯ ವಿಷಯಕ್ಕೆ ಬರೋಣ. ನನಗೆ ಮೂಗು ಮುಚ್ಚುವ ಅಧಿಕಾರ ಕೊಟ್ಟವರು ಯಾರು? ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಮುದಿ ಎತ್ತನ್ನು ದನದ ಸಂತೆಗೆ ಹೊಡೆದುಕೊಂಡು ಹೋದರು. ಹದಿಮೂರು ಹದಿನಾಲ್ಕು ವರ್ಷ ನಮ್ಮ ತೊಗರಿ ಹೊಲ, ಜೋಳದ ಹೊಲ ಎಳೆದ ಎತ್ತು. ಕಾರಹುಣ್ಣಿವೆಗೆ ಅದರ ಕೋಡಿಗೆ ಬಣ್ಣ ಹಚ್ಚಿದವಳು ನಾನೇ. ಅವ್ವ ಅದರ ಹಣೆಗೆ ಕುಂಕುಮ ಇಟ್ಟು, ಹೋಳಿಗೆ ತಿನ್ನಿಸಿ, ಕಣ್ಣು ಒರೆಸಿಕೊಂಡಳು. ಸಂಜೆ ಅಪ್ಪ ಒಂದು ಎಳೆಯ ಹೋರಿ ಹಿಡಿದುಕೊಂಡು ಬಂದರು. ಹಳೆಯದರ ರೊಕ್ಕಕ್ಕೆ ಇನ್ನಷ್ಟು ಸಾಲ ಸೇರಿಸಿ ತಂದದ್ದು. ಹಳೆಯದು ಎಲ್ಲಿ ಹೋಯಿತೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಲಿಲ್ಲ ಎಂದರೆ ಗೊತ್ತಿರಲಿಲ್ಲ ಎಂದಲ್ಲ. ನಡೆಯಲಾರದ ಎತ್ತನ್ನು ರೊಕ್ಕ ಕೊಟ್ಟು ಕೊಳ್ಳುವವನು ಅದನ್ನು ಪೂಜೆಗೆ ಒಯ್ಯುವುದಿಲ್ಲ ಎಂಬುದು ಹಳ್ಳಿಯ ಮಗುವಿಗೂ ಗೊತ್ತು. ನಾವು ತಿನ್ನಲಿಲ್ಲ, ನಿಜ. ಅದರ ಬೆಲೆಯನ್ನು ಮಾತ್ರ ಎಣಿಸಿಕೊಂಡೆವು. ಆ ಬೆಲೆ ಕೊನೆಗೆ ಬಂದದ್ದು ಯಾರಿಂದ? ಪಾವು ಕಿಲೋ ಖೀಮಾ ಕೊಂಡು ಏಳು ಜನರಿಗೆ ಹಂಚುವ ಯಾವಳೋ ಖಾಲಾನಿಂದ, ಕೇರಿಯ ಯಾವಳೋ ತಾಯಿಯಿಂದ. ನಮ್ಮ ಕೊಟ್ಟಿಗೆಗೂ ಅವರ ದೇಗ್ಚಿಗೂ ನಡುವೆ ಒಂದು ದಾರಿಯಿತ್ತು. ಆ ದಾರಿಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯವರನ್ನು ಹಳಿಯುವುದು ನ್ಯಾಯವೇ?

ಆಗಿನ ಕಾನೂನು 1964ರದು. ಹಸುವನ್ನು ಕಡಿಯುವಂತಿರಲಿಲ್ಲ. 12 ವರ್ಷ ದಾಟಿದ ಅಥವಾ ದುಡಿಮೆಗೆ ಬಾರದ ಎತ್ತು, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅನುಮತಿಯಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನು ಎತ್ತು, ಹೋರಿಗಳನ್ನೂ ಪೂರ್ತಿ ನಿಷೇಧಿಸಿತು; 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಅವಕಾಶ ಉಳಿಸಿತು. ಕಾನೂನನ್ನು ಎಲ್ಲರೂ ಪಾಲಿಸಬೇಕು, ನಾನು ಅದರ ವಾದಕ್ಕೆ ಇಳಿಯುವುದಿಲ್ಲ. ಯಾವ ಪ್ರಾಣಿಯನ್ನು ಕಡಿಯಬಾರದು ಎಂದು ಕಾನೂನು ಹೇಳಬಹುದು. ಪಕ್ಕದ ಮನೆಯವಳನ್ನು ಯಾವ ಕಣ್ಣಿನಿಂದ ನೋಡಬೇಕು ಎಂಬುದನ್ನು ಅದು ಹೇಳಲಾರದು, ಅದನ್ನು ನಾವೇ ತೀರ್ಮಾನಿಸಬೇಕು. ಗಾಂಧೀಜಿಗಿಂತ ದೊಡ್ಡ ಸಸ್ಯಾಹಾರಿ ಯಾರು? ಅವರು 1909ರ 'ಹಿಂದ್ ಸ್ವರಾಜ್' ಪುಸ್ತಕದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಗೋವಿನ ಮೇಲೆ ತಮಗೆ ಪೂಜ್ಯಭಾವವಿದೆ, ಆದರೆ ಅದನ್ನು ಉಳಿಸಲು ಮುಸಲ್ಮಾನ ಸೋದರನ ಮೇಲೆ ಕೈಯೆತ್ತುವುದಿಲ್ಲ, ಅವನ ಬಳಿ ಹೋಗಿ ಬೇಡಿಕೊಳ್ಳುತ್ತೇನೆ ಎಂಬುದು ಅವರ ನಿಲುವು. ಬೇಡಿಕೊಳ್ಳಬೇಕಾದರೆ ಅವನ ಬಾಗಿಲಿಗೆ ಹೋಗಬೇಕು, ಅವನ ಜೊತೆ ಕುಳಿತು ಮಾತಾಡಬೇಕು. ಮೂಗು ಮುಚ್ಚಿಕೊಂಡು ಬೇಡುವುದು ಸಾಧ್ಯವಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಾನು ಅದೇ ತಪ್ಪನ್ನು ಮತ್ತೊಮ್ಮೆ ಮಾಡಿದೆ. 2021ರ ಡಿಸೆಂಬರಿನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ, ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದರು. ಮಕ್ಕಳಲ್ಲಿ ಅಪೌಷ್ಟಿಕತೆ ಇಲ್ಲಿ ಹೆಚ್ಚೆಂಬ ಕಾರಣಕ್ಕೆ. ಬೇಡವೆನ್ನುವವರಿಗೆ ಬಾಳೆಹಣ್ಣು. ಆಗ ಎಂಟನೆಯ ತರಗತಿಯವರೆಗೆ ಮಾತ್ರ. ಮಠಾಧೀಶರು ಕೆಲವರು ವಿರೋಧಿಸಿದರು, ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ನಾನಾಗ ಜೇವರ್ಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಪಾಲಕರಿಂದ ತಕರಾರು ಬರಬಾರದೆಂದು ಎಂಟನೆಯ ತರಗತಿಯಲ್ಲಿ ಎರಡು ಸಾಲು ಮಾಡಿ ಕೂರಿಸಿದೆ. ಮೊಟ್ಟೆಯವರು ಈ ಕಡೆ, ಬಾಳೆಹಣ್ಣಿನವರು ಆ ಕಡೆ. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ. ನನ್ನದೇ ಜಾಣತನ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮೊಟ್ಟೆಯ ಸಾಲಿನ ಹುಡುಗಿಯೊಬ್ಬಳು ತಾಟು ಹಿಡಿದುಕೊಂಡು ಬಂದು, ತನ್ನ ಗೆಳತಿಯ ಪಕ್ಕ ಬಾಳೆಹಣ್ಣಿನ ಸಾಲಿನಲ್ಲಿ ಕುಳಿತಳು. ಅವರಿಬ್ಬರೂ ಒಂದೇ ಬೆಂಚಿನವರು. "ಏಯ್, ನಿನ್ನ ಸಾಲು ಆ ಕಡಿ ಅದ, ಏಳು" ಎಂದೆ. ಆಕೆ ಎದುರಾಡಲಿಲ್ಲ. ಎದ್ದು ಹೋಗಿ ಈ ಕಡೆಯ ಕೊನೆಯಲ್ಲಿ ಕುಳಿತಳು. ಅನ್ನ ಉಂಡಳು, ಮೊಟ್ಟೆಯನ್ನು ಮುಟ್ಟಲಿಲ್ಲ. ಊಟ ಮುಗಿದ ಮೇಲೆ ಅದನ್ನು ಓಣಿಯ ನಾಯಿಗೆ ಹಾಕಿ ತಾಟು ತೊಳೆದಳು. ಆ ಮಗುವಿನ ಮನೆಯಲ್ಲಿ ವಾರಕ್ಕೊಂದು ಮೊಟ್ಟೆ ಬೇಯುತ್ತಿತ್ತೋ ಇಲ್ಲವೋ. ಆಕೆ ತಾಟು ತೊಳೆಯುತ್ತ ಒಮ್ಮೆ ನನ್ನ ಕಡೆ ನೋಡಿದಳು. ಇಪ್ಪತ್ತಾರು ವರ್ಷದ ಹಿಂದೆ ಮೋರಿಯ ಪಕ್ಕದ ಕಲ್ಲಿನ ಮೇಲಿಂದ ನನ್ನ ಬಾಗಿಲ ಕಡೆ ತಿರುಗಿದ ನೋಟವೇ ಅದು.

ಮರುದಿನ ಸಾಲುಗಳನ್ನು ತೆಗೆದೆ. ಬೇಕಾದವರ ಪಕ್ಕ ಬೇಕಾದವರು ಕೂಡಲಿ ಎಂದೆ. ಯಾವ ಪಾಲಕರೂ ಬಂದು ಜಗಳವಾಡಲಿಲ್ಲ. ಆ ಇಬ್ಬರೂ ಹುಡುಗಿಯರು ಮತ್ತೆ ಒಟ್ಟಿಗೆ ಕುಳಿತರು. ಒಬ್ಬಳು ಮೊಟ್ಟೆ ತಿಂದಳು, ಒಬ್ಬಳು ಹಣ್ಣು ತಿಂದಳು. ಬಾಳೆಹಣ್ಣಿನವಳ ವ್ರತ ಕೆಡಲಿಲ್ಲ.

ಮಗಳ ಫೋನು ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಆಳಂದಕ್ಕೆ ಬಸ್ಸು ಹತ್ತಿದೆ. ಓಣಿ ಗುರುತು ಸಿಗದಷ್ಟು ಬದಲಾಗಿದೆ, ಅಂಗಳಕ್ಕೆ ಫರಸಿ ಹಾಸಿದ್ದಾರೆ, ಮೋರಿ ಮುಚ್ಚಿದೆ. ಖಾಲಾ ಇಲ್ಲ. ತೀರಿಕೊಂಡು ಹತ್ತು ವರ್ಷವಾಯಿತಂತೆ. ಕೊನೆಯ ಮಗಳು ಮನೆ ನೋಡಿಕೊಂಡಿದ್ದಾಳೆ, ನನ್ನನ್ನು ಗುರುತು ಹಿಡಿದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮಾತಿನ ನಡುವೆ ಅಂಜುತ್ತಲೇ ಆ ಬೋಗುಣಿಯ ಸುದ್ದಿ ತೆಗೆದೆ. ಆಕೆ ನಕ್ಕು ಫಳಿಯ ಮೇಲೆ ತೋರಿಸಿದಳು. ಬಣ್ಣಗೆಟ್ಟು, ಅಂಚು ನೆಗ್ಗಿ ಅಲ್ಲೇ ಇತ್ತು. "ಅಮ್ಮಿ ಅದ್ರಾಗ ಹಾಲು ಬಿಟ್ರ ಬ್ಯಾರೆ ಏನೂ ಕಾಸ್ತಿದ್ದಿಲ್ರಿ. ನಿಮ್ಮ ಹಿಂದ ಬಂದ ಬಾಡಿಗಿ ಮಂದಿನೂ ನಿಮ್ಮಂಗೇ ಇದ್ರು. ಯಾರರ ಜಡ್ಡಿಗಿ ಬಿದ್ರ ಬೇಕಾಗ್ತದ ಅಂತ ಬ್ಯಾರೆನೇ ಇಟ್ಟಿದ್ರು" ಎಂದಳು.

ನಾನು ಅಲ್ಲಿವರೆಗೆ ಆ ಬೋಗುಣಿ ನನಗಾಗಿ ತಂದದ್ದು ಎಂದುಕೊಂಡಿದ್ದೆ. ನಾನು ಚೆಲ್ಲಿದ ಮೇಲೂ ಅದು ಬೇರೆಯಾಗಿಯೇ ಉಳಿದಿತ್ತು, ಮುಂದೆ ಬರುವ ಯಾರದೋ ನಿಯಮಕ್ಕಾಗಿ. ಇನ್ನೊಬ್ಬರ ನಿಯಮವನ್ನು ತನ್ನ ಮನೆಯಲ್ಲಿ ಹೀಗೆ ಕಾಯುವುದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಕಲಬುರಗಿಯ ಶರಣಬಸವೇಶ್ವರರ ನಾಡಿನವರು ನಾವು, ದಾಸೋಹ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತೇವೆ. ಬಹುಶಃ ಅದೇ ಇದು.

ಆಕೆ ಊಟಕ್ಕೆ ನಿಲ್ಲಿಸಿದಳು. ಅವರಿಗೆ ಅಂದು ಗೋಬಿ ಖೀಮಾ. ಈಗ ಕೋಳಿಯ ಖೀಮಾ ಹಾಕುತ್ತಾರಂತೆ. ನನಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮತ್ತು ಆ ಬೋಗುಣಿಯಲ್ಲಿ ಕಾಸಿದ ಹಾಲು. ಅವರ ಪಕ್ಕದಲ್ಲೇ ಕುಳಿತು ಉಂಡೆ. ಖೀಮಾ ನಾನು ತಿನ್ನಲಿಲ್ಲ, ತಿನ್ನು ಎಂದು ಅವರೂ ಹೇಳಲಿಲ್ಲ. ವಾಸನೆ ಬಂತು, ಹೌದು. ಮೂಗಿಗೆ ಸೆರಗು ಹಿಡಿಯಬೇಕೆಂದು ಅನ್ನಿಸಲಿಲ್ಲ. ಹಾಲನ್ನು ಕೊನೆಯ ಗುಟುಕಿನವರೆಗೆ ಕುಡಿದೆ.

ರಾತ್ರಿ ಮನೆಗೆ ಬಂದು ಮಗಳಿಗೆ ಫೋನು ಹಚ್ಚಿದೆ. "ಆ ಪಲ್ಯ ನಿಮ್ಮ ಆಯಿ ಕಲಿಸಿದ್ದಲ್ಲವ್ವ" ಎಂದು ಶುರು ಮಾಡಿ, ದೇಗ್ಚಿಯಿಂದ ಮೋರಿಯವರೆಗೆ ಎಲ್ಲ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಗಂಜಿ ಚೆಲ್ಲಬಾರದಿತ್ತವ್ವಾ ನೀನು" ಎಂದಳು.

"ಹೌದವ್ವ, ಚೆಲ್ಲಬಾರದಿತ್ತು" ಎಂದೆ.